ದುಂಡವ್ವನ ಡಬ್ಬಿ

ಕರಿ ರೋಡ್ ಸ್ಟೇಶನ್ನಿನ ಸೇತುವೆ ಇಳಿದು ಎಡಕ್ಕೆ
ಮಿಲ್ಲಿನ ಚಿಮಣಿ ಇದ್ದ ಕಡೆ ಈಗ ನಮ್ಮ ಆಫೀಸು,
ಮೂವತ್ತೊಂದನೆಯ ಮಾಳಿಗೆ.
ಅಲ್ಲಿಂದ ನಾನು ಸಾಲ ಮಾರುತ್ತೇನೆ, ಫೋನಿನಲ್ಲಿ.
ಜಾಮೀನು ಬೇಡ, ಕಾಗದ ಬೇಡ,
ಹಲೋ ಅಂದರೆ ಸಾಕು, ಅರ್ಧ ಮಂಜೂರು.

ವಿಕ್ರೋಳಿಯ ತಾಮ್ಹಾಣೆಗೆ ಮೂರು ಸಲ ಕೊಟ್ಟೆ:
ಒಂದು ಟಿವಿಗೆ,
ಒಂದು ಆ ಟಿವಿಯ ಕಂತಿಗೆ,
ಇನ್ನೊಂದು ಯಾತಕ್ಕೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ಆ ತಿಂಗಳು ಗೋಡೆಯ ಮೇಲೆ ನನ್ನ ಫೋಟೋ. ಕೇಕು.

ಒಂದು ಸಂಜೆ ಮಿಂಟ್ ರೋಡಿನ ದೊಡ್ಡ ಬ್ಯಾಂಕಿನಿಂದ
ಎರಡು ಪುಟದ ಸುತ್ತೋಲೆ ಬಂತು.
ಬಯ್ಯಲಿಲ್ಲ ಅದು. ಕೊಡಬೇಡಿ ಅನ್ನಲೂ ಇಲ್ಲ.
ಜಾಮೀನಿಲ್ಲದೆ ಕೊಟ್ಟ ಪ್ರತಿ ನೂರಕ್ಕೂ
ನಿಮ್ಮದೇ ಗಂಟಿನಿಂದ ಇನ್ನಷ್ಟು ತೆಗೆದಿಡಿ,
ಇಷ್ಟೇ.
ಮ್ಯಾನೇಜರ್ ಸಾವಂತ ಕನ್ನಡಕ ಒರೆಸಿಕೊಂಡು ಮತ್ತೆ ಓದಿದ.
ವಾರದೊಳಗೆ ಬಡ್ಡಿ ಏರಿತು,
ಹದಿನೆಂಟು ಮಂದಿ ಇದ್ದ ಸಾಲಿನಲ್ಲಿ ಏಳು ಕುರ್ಚಿ ಉಳಿದವು.
ಒಂದರಲ್ಲಿ ನಾನು, ಕಮಿಷನ್ ಇಲ್ಲದೆ.

ರಾತ್ರಿ ಖಾನಾವಳಿಯಲ್ಲಿ ಕೂತು
"ಇದೆಂಥಾ ನ್ಯಾಯ, ಅವ್ವಾ" ಅಂದೆ.
ದುಂಡವ್ವ ಹಂಚಿನಿಂದ ಕಣ್ಣೆತ್ತಲಿಲ್ಲ.
"ಆ ಡಬ್ಬಿ ನೋಡು."
ತಗಡಿನದು, ನೆಗ್ಗಿದ್ದು,
ಮಿಲ್ಲಿನ ಮಂದಿ ಪಾಳಿ ಪಾಳಿಯಾಗಿ ಉಂಡುಹೋದ ಕಾಲದ್ದು.
"ಉದ್ರಿ ವಹಿಯೊಳಗ ಒಂದು ಹೆಸರು ಹೆಚ್ಚಾದ್ರ
ಅದಕ್ಕ ಎರಡು ಬೊಗಸಿ ಹಿಟ್ಟು. ಮುಟ್ಟಂಗಿಲ್ಲ.
ಹಿಂಗಾಗಿ ಹೆಸರು ಬರಿಯೂಕಿಂತ ಮೊದ್ಲ
ನನ್ನ ಕೈನ ನನ್ನ ಕೇಳತಾವ, ಖರೇನ ಕೊಡತೀಯೇನು ಅಂತ.
ಮುಷ್ಕರದ ವರ್ಷ ನಲವತ್ತು ತಾಟಿನ ಬಾಕಿ ಮುಳುಗಿತು.
ಹನ್ನೊಂದು ದಿನ ಈ ಡಬ್ಬೀನ ಖಾನಾವಳಿ ನಡಸ್ತು."

ತಲೆಯಾಡಿಸಿದೆ, ತಿಳಿದವನ ಹಾಗೆ.
ಆಮೇಲೆ ದನಿ ತಗ್ಗಿಸಿ
"ಈ ತಿಂಗಳು ನನ್ನದೂ ವಹಿಯಲ್ಲಿ ಬರಕೋ" ಅಂದೆ.

ಆಗ ನೋಡಿದಳು ನನ್ನ ಮುಖ.
ಒಂದು ಗಳಿಗೆ. ಗಿರಾಕಿಯ ದನಿಯಲ್ಲಿ
ನಾನು ಎಂದೂ ಹುಡುಕದೆ ಇದ್ದದ್ದನ್ನು
ಹುಡುಕುವವಳ ಹಾಗೆ.
ಪರಾತದಿಂದ ಎರಡು ಬೊಗಸೆ ಎತ್ತಿ
ಡಬ್ಬಿಗೆ ಸುರಿದು ಮುಚ್ಚಳ ಒತ್ತಿದಳು.
ಅಂದು ನನ್ನ ತಾಟಿಗೆ ಮೂರೇ ರೊಟ್ಟಿ.
ನಾಲ್ಕನೆಯದು ಎಲ್ಲಿದೆಯೆಂದು ನನಗೆ ಗೊತ್ತಿತ್ತು.

ಮೇಜಿನ ಮೇಲೆ ಫೋನು ಗುಂಯ್ಗುಟ್ಟಿ ಸರಿಯಿತು,
ಎಣ್ಣೆಯ ಕಲೆಯಿಂದ ಉಪ್ಪಿನ ಬಟ್ಟಲ ತನಕ.
ತಾಮ್ಹಾಣೆ.
ನಾನು ಕೈ ತೊಳೆಯುತ್ತ ನಿಂತೆ
ನಲ್ಲಿಯ ನೀರು ಹೋಗುವ ವೇಳೆಯವರೆಗೂ.