ಕಲಂ ಒಂಬತ್ತು

ಛಾಪಾ ಕಾಗದದ ಮೇಲೆ ಹದಿನೇಳು ವರ್ಷ ಇದನ್ನೇ ಕುಟ್ಟಿದ್ದೇನೆ,
ಮಡಿಕೇರಿಯ ಕೋರ್ಟಿನ ಹತ್ತಿರ, ಜೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ:
ಬಾಡಿಗೆದಾರರು ಸದರಿ ಕಟ್ಟಡದಲ್ಲಿ
ಯಾವುದೇ ಮಾರ್ಪಾಡು ಮಾಡತಕ್ಕದ್ದಲ್ಲ.
ಮನೆ ಬಿಡುವಾಗ ಯಥಾಸ್ಥಿತಿಯಲ್ಲಿ ಒಪ್ಪಿಸತಕ್ಕದ್ದು.
ಕಣ್ಣು ಮುಚ್ಚಿದರೂ ಬರುತ್ತಿತ್ತು, ಬೆರಳಿಗೆ ಬಾಯಿಪಾಠ.
ಕಲಂ ಒಂಬತ್ತು. ಯಾರೂ ಓದುತ್ತಿರಲಿಲ್ಲ. ನಾನೂ.

ಆಮೇಲೆ ಸುಂಟಿಕೊಪ್ಪದ ತಿರುವಿನಲ್ಲಿ ಜೀಪು ಮಗುಚಿತು.
ಅದರ ಕಥೆ ಬೇಡ. ಎಲ್ಲರೂ ಅದನ್ನೇ ಕೇಳುತ್ತಾರೆ,
ಬಾಗಿಲಿನ ಅಗಲ ಯಾರೂ ಕೇಳುವುದಿಲ್ಲ.

ಬಚ್ಚಲ ಬಾಗಿಲು ಇಪ್ಪತ್ತನಾಲ್ಕು ಇಂಚು.
ನನ್ನ ಗಾಲಿಕುರ್ಚಿ ಇಪ್ಪತ್ತಾರು.
ಆ ಎರಡಿಂಚಿಗೆ ಹನ್ನೊಂದು ತಿಂಗಳು,
ಒಂದು ಕರಾರಿನ ಪೂರ್ತಿ ಅವಧಿ,
ಪಕ್ಕದ ಮನೆಯ ಜುಬೈದಾ ಬಂದು ಎತ್ತುವ ತನಕ
ಬೆಳಗಿನ ಕಾಫಿ ಮುಟ್ಟದೆ ಕೂತೆ.

ಮುಂಬಾಗಿಲಿಗೆ ನಾಲ್ಕು ಮೆಟ್ಟಿಲು.
ಊರಿಗೆ ಊರೇ ಇಳಿಜಾರು ಇಲ್ಲಿ,
ಮಹದೇವಪೇಟೆಯಲ್ಲಿ ಕೈಜಾರಿದ ನಿಂಬೆಹಣ್ಣು
ಟಿಕೆಟ್ಟಿಲ್ಲದೆ ಕೆಳಗಿನ ಬೀದಿ ಸೇರುತ್ತದೆ.
ಮನೆಗಳು ಮಾತ್ರ ಸೆಟೆದು ನಿಂತಿವೆ, ಮೆಟ್ಟಿಲ ಮೇಲೆ.

ಕಾನೂನು ಕೇಳಿದೆ. ಪರಿಚಯದ ವಕೀಲರು
ಕನ್ನಡಕ ಒರೆಸಿ, ಕಚೇರಿಗಾದರೆ ಇದೆಯಮ್ಮ ಅಂದರು,
ಬಾಡಿಗೆ ಮನೆಗೆ...
ಮತ್ತೆ ಕನ್ನಡಕ ಒರೆಸಿದರು.
ಕಚೇರಿಯ ಇಳಿಜಾರು ನನಗೆ ಗೊತ್ತು.
ಅದರ ಬುಡದಲ್ಲಿ ಸದಾ ಯಾರದೋ ಬುಲೆಟ್ ನಿಂತಿರುತ್ತದೆ.

ಮನೆ ಪೂವಯ್ಯನವರದು. ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿದ್ದವರು,
ಕೆಟ್ಟವರಲ್ಲ. ಆಸ್ಪತ್ರೆಗೆ ಕಿತ್ತಳೆ ತಂದಿದ್ದರು.
ಮೆಟ್ಟಿಲು ಅಂದ ಕೂಡಲೇ ಮುಖಕ್ಕೆ ಮಂಜು ಇಳಿಯಿತು.
'ಮುಂದೆ ಬರುವವರು ಇದೇನು ಅಂದರೆ?
ಬಿಡುವಾಗ ಒಡೆದು, ಮೊದಲಿದ್ದಂತೆ ಮಾಡಿಕೊಡುತ್ತೀಯಾ?'

ಯಥಾಸ್ಥಿತಿ.
ಎಷ್ಟು ಸಲ ಕುಟ್ಟಿದ ಪದ, ಆವತ್ತು ಮೊದಲ ಸಲ ಕಿವಿಗೆ ಬಿತ್ತು.
ಸಿಮೆಂಟಿಗಾದರೆ ಅಂಥದ್ದೊಂದು ಇದೆ, ಅಣ್ಣ.
ಇದನ್ನು ಹೇಳಲಿಲ್ಲ. ಹೊಸ ಕಾಗದ ಸಿಕ್ಕಿಸಿದೆ.

ಬಾಡಿಗೆದಾರಳು ತನ್ನ ಸ್ವಂತ ಖರ್ಚಿನಿಂದ
ಮುಂಬಾಗಿಲಿಗೆ ಇಳಿಜಾರು, ಬಚ್ಚಲಿಗೆ ಅಗಲ ಬಾಗಿಲು, ಗೋಡೆಗೆ ಹಿಡಿಕೆ
ಮಾಡಿಸಿಕೊಳ್ಳಲು ಹಕ್ಕುಳ್ಳವಳಾಗಿರುತ್ತಾಳೆ.

ಬಸ್ಸಿನ ವೇಳಾಪಟ್ಟಿ ನೋಡುವಂತೆ
ಕಾಗದ ದೂರ ಹಿಡಿದು ಓದಿದರು.
'ಹಕ್ಕುಳ್ಳವಳು' ಅನ್ನುವಲ್ಲಿ ಬೆರಳಿಟ್ಟರು.
'ಅನುಮತಿ ಪಡೆದು ಅಂದರೆ ಸಾಲದಾ?'
ಸಾಲದು ಅಂದೆ.
ಒಂದು ಮೈಸೂರು ಬಸ್ಸು ಹೊರಟುಹೋಗುವಷ್ಟು ಹೊತ್ತು ಸುಮ್ಮನಿದ್ದು
ಪೆನ್ನು ಕೊಡು ಅಂದರು.

ಮೊಯ್ದು ಮೇಸ್ತ್ರಿಗೆ ಹೇಳಿದೆ, ನುಣ್ಣಗೆ ಬೇಡ,
ಕಕ್ಕಡದಲ್ಲಿ ಪಾಚಿ ಕಟ್ಟುತ್ತದೆ.
ಹಸಿ ಸಿಮೆಂಟನ್ನು ಅವನು ಮುರುಕು ಬಾಚಣಿಗೆಯಿಂದ ಬಾಚಿದ,
ಶಾಲೆಗೆ ಹೊರಟ ಮಗಳ ತಲೆಯಂತೆ.

ಏಳನೆಯ ದಿನ ಮೊದಲು ಹತ್ತಿದ್ದು ನಾನಲ್ಲ.
ಗ್ಯಾಸ್ ಹುಡುಗ ಸಿಲಿಂಡರ್ ಉರುಳಿಸಿಕೊಂಡು ಬಂದು
'ಅಕ್ಕಾ, ಎಲ್ಲ ಮನೆಗೂ ಹೀಗೇ ಮಾಡಬಾರದಾ' ಅಂದ.
ಅವನ ಹಿಂದೆ ಪೂವಯ್ಯನವರು,
ಇಲ್ಲದ ಮೆಟ್ಟಿಲಿಗೆ ಕಾಲೆತ್ತಿ
ಗಾಳಿಯಲ್ಲೇ ಒಂದು ಕ್ಷಣ ನಿಂತರು.

ಈಗ ಕಲಂ ಒಂಬತ್ತು ಬಂದಾಗ ಬೆರಳು ತಡೆಯುತ್ತದೆ.
ಎದುರು ಕೂತವರನ್ನು ಕೇಳುತ್ತೇನೆ,
ಬಚ್ಚಲ ಬಾಗಿಲು ಎಷ್ಟು ಇಂಚು?
ಕೆಲವರು ನಗುತ್ತಾರೆ. ಕೆಲವರಿಗೆ ಬಸ್ಸಿಗೆ ಹೊತ್ತಾಗಿರುತ್ತದೆ.
ಯಾರೂ ಅಳೆದಿರುವುದಿಲ್ಲ.