ತೂಗುವವಳು

ಬುಧವಾರ ಬೆಣ್ಣೆ, ಶನಿವಾರ ಸೆಣಬು,
ನಡುವೆ ಯಾವಾಗಲಾದರೂ ಒಬ್ಬ ಹೆಂಗಸು.
ತಕ್ಕಡಿ ಒಂದೇ.
ತಟ್ಟೆಯ ಜಿಡ್ಡು ಒರೆಸುವವಳು ನಾನು, ಆಲ್ಟ್ಯೆ,
ಈ ಊರಿನ ಸೂಲಗಿತ್ತಿ.
ಕಾಲುವೆಯ ಈಚೆ ದಡದ ಮಕ್ಕಳೆಲ್ಲ
ನನ್ನ ಅಂಗೈಗೇ ಜಾರಿ ಬಿದ್ದವರು.
ತೊಟ್ಟಿಲು ತೂಗಿ ಬಂದ ಕೈಯಲ್ಲೇ
ತೂಕದ ಮನೆಯ ಹಿಂದಿನ ಕೋಣೆಯಲ್ಲಿ
ಪರಊರ ಹೆಂಗಸರ ಲಂಗ ಬಿಚ್ಚಿಸಬೇಕು,
ನೆರಿಗೆ ನೆರಿಗೆ ತಡಕಬೇಕು,
ಸೀಸ ಉಂಟೆ, ಜಡೆಯೊಳಗೆ ಕಬ್ಬಿಣದ ಚೂರು ಉಂಟೆ ಅಂತ.
ತಲೆಗೆ ಎರಡು ಸ್ಟೈವರ್ ಕೂಲಿ.

ಮಾಟಗಾತಿಗೆ ತೂಕವಿಲ್ಲವಂತೆ.
ಪೊರಕೆ ಹೊರಬೇಕಲ್ಲ ಅವಳನ್ನು, ಚಿಮಣಿ ದಾಟಿ.
ಯಾರು ಹೇಳಿದರೋ.
ಹೇಳಿದವರನ್ನು ಯಾರೂ ತೂಗಲಿಲ್ಲ.

ಮೆಕ್ಟಿಲ್ಡ್ ಬಂದದ್ದು ಗಡಿಯಾಚೆಯಿಂದ,
ಹನ್ನೊಂದು ದಿನ ನಡೆದು.
ಅವಳ ಮಾತು ನಮ್ಮ ಮಾತಿನ ದಾಯಾದಿ,
ಅರ್ಧ ತಿಳಿಯಿತು, ಅರ್ಧ ಕೈಸನ್ನೆ.
ನೆರೆಯವಳ ಹಸುವಿನ ಕೆಚ್ಚಲಲ್ಲಿ ರಕ್ತ ಬಂತು, ಅಷ್ಟೇ.
ಬಲಗೈ ಹೆಬ್ಬೆರಳನ್ನು ಎಡಗಾಲಿನ ಹೆಬ್ಬೆರಳಿಗೆ ಬಿಗಿದು
ಗಿರಣಿಯ ಹೊಂಡಕ್ಕೆ ಎಸೆದರು.
ಮುಳುಗಿದ್ದರೆ ಶುದ್ಧಳು.
ತೇಲಿದಳು.
ಲಂಗದೊಳಗೆ ಗಾಳಿ ಹೊಕ್ಕಿತ್ತು ತಾಯೀ, ಎಂದಳು,
ತೀರ್ಪು ಕೊಡುವವಳು ನಾನೇ ಎಂಬ ಹಾಗೆ.

ಅದೇ ಲಂಗ. ಅಂಚು ಭಾರ.
ಹೊಲಿಗೆ ಬಿಚ್ಚಿದರೆ ಹೊಳೆಗಲ್ಲು,
ಪಾರಿವಾಳದ ಮೊಟ್ಟೆಯಷ್ಟು, ನುಣ್ಣಗೆ,
ಹದಿನಾಲ್ಕು.
ಹಾರಿಬಿಡುತ್ತಾಳೆಂದು ಊರು ಹೆದರಿದ ಹೆಣ್ಣು
ಹನ್ನೊಂದು ದಿನ ಕಲ್ಲು ಹೊತ್ತು ನಡೆದಿದ್ದಳು.
ಒಂದೊಂದಾಗಿ ನನ್ನ ಮಡಿಲಿಗೆ ಹಾಕಿಕೊಂಡೆ,
ಯಾರಿಗೂ ಹೇಳಲಿಲ್ಲ.
ಕಲ್ಲು ಹೋದ ಮೇಲೆ ಉಳಿದದ್ದು
ಪಕ್ಕೆಲುಬು, ಮೊಣಕಾಲಿನ ಎರಡು ಗಂಟು,
ಹಾಲು ಬತ್ತಿದ ಮೊಲೆ, ಈಚೆಗೆ ಹೆತ್ತ ಹೊಟ್ಟೆ.
ಮಗು ಎಲ್ಲಿ ಅಂತ ಕೇಳಲಿಲ್ಲ.
ಕೇಳಬೇಕಿತ್ತು.

ಒಳಅಂಗಿ, ಬರಿಗಾಲು. ತಟ್ಟೆಯ ಮೇಲೆ ಕುಕ್ಕರಿಸಿ ಕೂತಳು,
ಆಚೆ ತಟ್ಟೆಗೆ ಬಿತ್ತು ಬೀಡುಕಬ್ಬಿಣದ ಗುಂಡು.
ಎದ್ದಳು ಮೆಕ್ಟಿಲ್ಡ್.
ನೆಲ ಬಿಟ್ಟು ಒಂದು ಗೇಣು.
ಗುಮಾಸ್ತನ ಗರಿ ನಿಂತಿತು, ಮಸಿ ತೊಟ್ಟಿಕ್ಕಿತು,
ಪೇಟೆಯ ಹಿರಿಯರಿಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡರು.
ಗೆರ್ಬ್ರಾಂಡ್ ಕೆಮ್ಮಿದ.
ಸರಪಳಿಗೆ ತುಕ್ಕು ಸ್ವಾಮಿ, ಎಂದ, ಬಗ್ಗಿದ.
ಅವನ ಹೆಬ್ಬೆರಳು ಸಂತೆಗೆಲ್ಲ ಗೊತ್ತು,
ಮೂವತ್ತು ವರ್ಷ ಬೆಣ್ಣೆಯ ಜೊತೆ ತೂಗಿ
ಮನೆಗೆ ಹೆಂಚು ಹೊದಿಸಿದ ಹೆಬ್ಬೆರಳು.
ಅದು ತಟ್ಟೆಯ ಅಂಚಿಗೆ ಬಂತು. ಕೂತಿತು.
ನಿದ್ದೆಗೆ ಜಾರುವ ಕೂಸಿನ ತೊಟ್ಟಿಲಂತೆ
ತೂಗಿ, ತೂಗಿ, ಇಳಿಯಿತು ತಟ್ಟೆ.

ಮೈಯಳತೆಗೆ ತಕ್ಕ ತೂಕ, ಎಂದು ಬರೆದರಂತೆ.
ಅರಗಿನ ಮೇಲೆ ಊರ ಮುದ್ರೆ. ಆರು ಗಿಲ್ಡರ್.
ಬೆಳ್ಳಿ ಕೊಕ್ಕೆ ಬಿಚ್ಚಿ ಕೊಟ್ಟಳು.
ಕಾಗದವನ್ನು ಎದೆಗೊತ್ತಿಕೊಂಡು ಹೋದಳು,
ಬಂದ ದಾರಿಯಲ್ಲೇ. ಇನ್ನೆಲ್ಲಿಗೆ?
ಕಲ್ಲು ನನ್ನಲ್ಲೇ ಉಳಿದವು,
ಹುಳಿಕೋಸಿನ ಭರಣಿಯಲ್ಲಿ
ಮುಚ್ಚಳದ ಮೇಲೆ ಹೇರಿದ್ದೇನೆ.

ಮರುವಸಂತ ಬುಟ್ಟಿ ವ್ಯಾಪಾರಿ ಈರುಳ್ಳಿ ಬೀಜ ತಂದ,
ಪೊಟ್ಟಣ ಕಟ್ಟಿದ ಕಾಗದದಲ್ಲಿ ನಮ್ಮೂರ ಮುದ್ರೆ,
ಅರ್ಧ ಉದುರಿ.
ನನಗೆ ಓದು ಬಾರದು.
ಯಾರದಿದು, ಎಂದೆ.
ಗಡಿಯಾಚೆಯ ರದ್ದಿಯಮ್ಮ, ಎಂದ,
ತೂಕದ ಲೆಕ್ಕದಲ್ಲಿ ಕೊಂಡದ್ದು.

ಬೀಜ ಉಡಿಗೆ ಸುರಿದುಕೊಂಡೆ.
ಗುಮಾಸ್ತನಿಗೆ ತೋರಿಸಿ ಹೆಸರು ಓದಿಸಬಹುದಿತ್ತು.
ಸೇತುವೆಯ ಮೇಲೆ ಕೈ ಸಡಿಲಾಯಿತು, ಗಾಳಿಗೋ, ನನಗೋ.
ಕಾಲುವೆಗೆ ಬಿತ್ತು ಕಾಗದ.
ಕಟಾಂಜನ ಹಿಡಿದು ನಿಂತೇ ಇದ್ದೆ,
ಕತ್ತಲಾಗುವವರೆಗೆ,
ಮುಳುಗು, ಮುಳುಗು, ಅನ್ನುತ್ತ.