ಕಟಿಂಗ್ ಮಷೀನು

ಮುಖಪುಟಕ್ಕೆ ನಮ್ಮ ಕಾಟನ್‌ಪೇಟೆ ಗಲ್ಲಿಯನ್ನೇ ಹುಡುಕಿಕೊಂಡು ಬಂದಿದ್ದರು,
ನಾಲ್ಕು ಹುಡುಗರು, ಕೂದಲು ಬಿಟ್ಟುಕೊಂಡು.
ಸಿಟ್ಟು ಬರಿಸಿಕೊಳ್ಳಲು ಅರ್ಧ ಗಂಟೆ ಹಿಡಿಯಿತು.
ಮೇಲೆ ದಪ್ಪಕ್ಷರ: ಬೀದಿಯ ಕೂಗು.
ಬೀದಿ ಆವತ್ತು ನಲ್ಲಿ ನೀರಿಗೆ ಕೂಗುತ್ತಿತ್ತು;
ಫೋಟೋದವನು ಕೊಡಗಳನ್ನು ಪಕ್ಕಕ್ಕೆ ಸರಿಸಿದ.
ಗಾರೆ ಉದುರಿದ ಗೋಡೆ ಚೆನ್ನಾಗಿ ಬಂದಿದೆ.
ಆಂಪ್ಲಿಫೈಯರ್ ಹೊತ್ತ ಸಗಾಯಿಯದು
ಮೊಣಕೈ ಮಾತ್ರ.

ಹದಿನಾರನೇ ಪುಟದಲ್ಲಿ ಒಬ್ಬಳು ಹುಡುಗಿ,
ಹಾಡುವವನನ್ನೇ ನೋಡುತ್ತ, ತುಟಿ ಅರೆತೆರೆದು.
ಡ್ರಮ್ಸ್ ಬಾರಿಸಿದ್ದು ಲಿಂಗರಾಜಪುರದ ಫಿಲೋಮಿನಾ.
ಸಿಂಬಲ್ಲಿನ ಹಿಂದೆ ಅವಳ ತುರುಬು ಕಾಣುತ್ತದೆ,
ಗೊತ್ತಿದ್ದವರಿಗೆ.

ರಾತ್ರಿ ಪಾಳಿ. ಅಂಚು ಮೂರು ಮಿಲಿಮೀಟರ್
ಕತ್ತರಿಸಬೇಕು, ಆರ್ಡರು.
ಬ್ಲೇಡಿನ ಕೆಳಗೆ ಸಗಾಯಿಯ ಮೊಣಕೈ.
ಒಂದು ಪ್ರತಿ ಹಾಗೇ ಬಿಟ್ಟೆ.
ಸೂಪರ್‌ವೈಸರ್ ಕೇಳಿದರೆ
ಕಾಗದ ಜರುಗಿತು ಅನ್ನುತ್ತೇನೆ.